ಉದಕಮಂಡಲದಾಚೆಯ ನಂಜನಾಡು

ಜಗತ್ತಿನ ಯಾವ ಮೂಲೆಯಲ್ಲಿ ಏನನ್ನು ನೋಡತಕ್ಕದ್ದು, ಯಾವ ಋತುವಿನಲ್ಲಿ ಹೋಗತಕ್ಕದ್ದು, ಎಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳತಕ್ಕದ್ದು ಎಂಬುದನ್ನೆಲ್ಲ ಹೇಳಿಕೊಡುವ ಪಟ್ಟಿಗಳಿಗೆ ಈ ಕಾಲದಲ್ಲಿ ಕೊರತೆಯಿಲ್ಲ. ಅಂಥ ಪಟ್ಟಿಗಳಲ್ಲಿ ದಕ್ಷಿಣ ಭಾರತದ ಪಾಲಿಗೆ ಬಂದಿರುವ ನಾಲ್ಕಾರು ಹೆಸರುಗಳಲ್ಲಿ ಉದಕಮಂಡಲವೂ ಒಂದು. ಮೈಸೂರು, ಮಂಡ್ಯ, ಬೆಂಗಳೂರುಗಳ ಕನ್ನಡಿಗರಂತೂ ಮದುವೆಯಾದ ಹೊಸದರಲ್ಲೊಮ್ಮೆ, ಮಕ್ಕಳು ಶಾಲೆಗೆ ಸೇರಿದ ಮೇಲೊಮ್ಮೆ, ಕೆಲಸದಿಂದ ನಿವೃತ್ತರಾದಾಗ ಇನ್ನೊಮ್ಮೆ ಊಟಿಗೆ ಹೋಗಿಬರುವುದನ್ನು ಗೃಹಸ್ಥಾಶ್ರಮದ ಸಂಸ್ಕಾರಗಳಲ್ಲೊಂದೆಂಬಂತೆ ನಡೆಸಿಕೊಂಡು ಬಂದಿದ್ದಾರೆ. ಮ್ಯಾಕೈವರನೆಂಬ ತೋಟಗಾರನು 1848ರಲ್ಲಿ ರೂಪಿಸಲಾರಂಭಿಸಿದ ಸಸ್ಯೋದ್ಯಾನ, ಕೊಯಮತ್ತೂರಿನ ಕಲೆಕ್ಟರನಾಗಿದ್ದ ಸಲಿವನ್ನನು ಕಟ್ಟಿಸಿದ ಸರೋವರ, 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಆಮೇಲೆ ಒಂದು ಸೀಸೆ ನೀಲಗಿರಿ ತೈಲ, ಒಂದು ಪೊಟ್ಟಣ ವರ್ಕಿ. ಇಷ್ಟಾದರೆ ಯಾತ್ರೆ ಸಂಪೂರ್ಣವಾದಂತೆ. ಇದನ್ನು ತಪ್ಪೆನ್ನುವವನು ನಾನಲ್ಲ. ಆದರೆ ಆ ಪಟ್ಟಣದಿಂದ ನೈಋತ್ಯಕ್ಕೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ನಂಜನಾಡೆಂಬ ಗ್ರಾಮವನ್ನೂ ಅದರ ನೆರೆಯ ಕಣಿವೆಗಳನ್ನೂ ಕಾಣದೆ ಹಿಂತಿರುಗುವ ಕನ್ನಡಿಗನು, ನೆಂಟರ ಮನೆಯ ಅಂಗಳದವರೆಗೆ ಹೋಗಿ ಒಳಗೆ ಕಾಲಿಡದೆ ಬಂದವನೇ ಸರಿ.

ಯಾವ ಸ್ಥಳವೇ ಆಗಲಿ ನೋಡಿದವನ ಮನಸ್ಸಿನಲ್ಲಿ ಸ್ಥಿರವಾಗಿ ನಿಲ್ಲಬೇಕಾದರೆ, ಅಲ್ಲಿಯ ಜನರು ಹೊಟ್ಟೆಗಾಗಿ ಏನು ದುಡಿಯುತ್ತಾರೆ, ಯಾರನ್ನು ಪೂಜಿಸುತ್ತಾರೆ, ಯಾವುದಕ್ಕೆ ಭಯಪಡುತ್ತಾರೆ ಎಂಬುದರ ಪರಿಚಯ ಅವನಿಗೆ ಸ್ವಲ್ಪವಾದರೂ ಆಗಬೇಕು. ನೋಟ ಕಣ್ಣಿಗೆ ಹಬ್ಬವಾಗಬಹುದು. ಅರಿವು ಸೇರಿದ ನೋಟ ಮಾತ್ರ ಅನುಭವವೆನಿಸಿಕೊಳ್ಳುತ್ತದೆ. ಈ ಮಾತಿಗೆ ನಿದರ್ಶನವಾಗಿ ನಂಜನಾಡನ್ನು ಆರಿಸಿಕೊಂಡಿರುವುದಕ್ಕೆ ಕಾರಣವೆಂದರೆ, ಅಲ್ಲಿ ಪ್ರವಾಸಿಗಳಿಗಾಗಿ ಏರ್ಪಡಿಸಿದ್ದು ಏನೂ ಇಲ್ಲದೆ, ತಿಳಿಯತಕ್ಕ ವಿಷಯಗಳು ಮಾತ್ರ ಹೇರಳವಾಗಿರುವುದು.

ಮೈಸೂರಿನಿಂದ ಹೊರಟವರು ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು, ಬಂಡೀಪುರದ ಅರಣ್ಯವನ್ನು ಪ್ರವೇಶಿಸಿ, ಮುದುಮಲೆಯ ತೆಪ್ಪಕಾಡಿನಲ್ಲಿ ಆನೆಗಳ ಶಿಬಿರವನ್ನು ಕಂಡು, ಅಲ್ಲಿಂದ ಮಸಿನಗುಡಿಯ ಮಾರ್ಗವಾಗಿಯಾಗಲಿ ಗೂಡಲೂರಿನ ಮಾರ್ಗವಾಗಿಯಾಗಲಿ ಮೇಲೇರುವುದು ವಾಡಿಕೆ. ಮಸಿನಗುಡಿಯ ದಾರಿಯಲ್ಲಿ ಕಲ್ಹಟ್ಟಿ ಘಟ್ಟದ 36 ತಿರುವುಗಳು ಸಾರಥಿಯ ಸಾಮರ್ಥ್ಯವನ್ನು ಪರೀಕ್ಷಿಸುವುವು. ಗೂಡಲೂರಿನ ದಾರಿ ದೀರ್ಘವಾದರೂ ಸೌಮ್ಯವಾದುದು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರ ತನಕ ವಾಹನಸಂಚಾರವನ್ನು 2009ರಿಂದ ನಿಷೇಧಿಸಿರುವುದು ಕಾಡುಪ್ರಾಣಿಗಳ ಸಲುವಾಗಿ. ಆತುರಗಾರರಿಗೆ ಇದು ಅಡಚಣೆಯೆಂದು ತೋರಬಹುದಾದರೂ, ರಾತ್ರಿಯ ಕತ್ತಲೆಯಲ್ಲಿ ಆ ಕಾಡನ್ನು ದಾಟಿ ಏನನ್ನೂ ಕಾಣದೆ ಹೋಗುವುದಕ್ಕಿಂತ ಬೆಳಗಿನ ಬೆಳಕಿನಲ್ಲಿ ನಿಧಾನವಾಗಿ ಸಾಗುವುದೇ ಲಾಭವೆಂಬುದು ದಾರಿಯನ್ನು ಬಲ್ಲವರ ಮತ.

ಈ ದಾರಿಗೆ ಒಂದು ಪುರಾತನತ್ವವೂ ಇದೆ. ಗುಂಡ್ಲುಪೇಟೆಯ ಪೂರ್ವಕ್ಕಿರುವ ಚಾಮರಾಜನಗರದಲ್ಲಿ, ಅದು ಅರಿಕುಠಾರವೆನಿಸಿಕೊಂಡಿದ್ದ ಕಾಲದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯೊಂದಿದೆ. ಅದನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸ. 1117ರ ಆತನ ಶಾಸನವು ಅವನ ವಿಜಯಗಳನ್ನು ವರ್ಣಿಸುವಾಗ ನೀಲಗಿರಿಯಲ್ಲಿ ಎಮ್ಮೆ ಕಾಯುವ ತೊದವರನ್ನು ಬೆದರಿಸಿದುದನ್ನೂ ನೀಲಾದ್ರಿಯನ್ನು ವಶಪಡಿಸಿಕೊಂಡುದನ್ನೂ ಹೇಳುತ್ತದೆ. ತೊದವರ ಹೆಸರು ಶಿಲಾಲೇಖದಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ.  ಹಾಗಿರುವಲ್ಲಿ ಊಟಿಯ ಚರಿತ್ರೆ ಸಲಿವನ್ನನು 1819ರಲ್ಲಿ ಬೆಟ್ಟವೇರಿದಂದಿನಿಂದ ಆರಂಭವಾಯಿತೆಂದು ಭಾವಿಸುವುದು, ಏಳು ನೂರು ವರ್ಷಗಳನ್ನು ಒಂದೇ ಸಲಕ್ಕೆ ಅಳಿಸಿಹಾಕಿದಂತೆ. ಆ ದಾರಿಯಲ್ಲಿ ಹೋಗುವವರು ಅರ್ಧ ದಿನವನ್ನು ಚಾಮರಾಜನಗರಕ್ಕೂ ಮೀಸಲಿಟ್ಟರೆ ಯಾತ್ರೆಗೆ ಯೋಗ್ಯವಾದ ಪೀಠಿಕೆ ದೊರೆತಂತಾಗುತ್ತದೆ.

ಪುಣಿಸನು ಬಂದು ಹೋದ ಕೆಲವು ಶತಮಾನಗಳ ಅನಂತರ, ಪ್ರಾಯಶಃ ವಿಜಯನಗರದ ಪತನದ ಬಳಿಕದ ಕ್ಷೋಭೆಯ ಕಾಲದಲ್ಲಿ, ಮೈಸೂರು ಸೀಮೆಯ ಬಯಲಿನಿಂದ ರೈತಾಪಿ ಕುಟುಂಬಗಳು ಗುಂಪುಗುಂಪಾಗಿ ಈ ಬೆಟ್ಟವನ್ನೇರಿ ನೆಲಸಿದುವು. ಅವರ ಸಂತತಿಯವರೇ ಇಂದಿನ ಬಡಗರು. 1603ರಲ್ಲಿ ಕಲ್ಲಿಕೋಟೆಯ ಕಡೆಯಿಂದ ಹತ್ತಿ ಬಂದ ಫೆನಿಚಿಯೊ ಎಂಬ ಇಟಲಿಯ ಯೇಸುಸಭೆಯ ಪಾದ್ರಿಯು ಇಲ್ಲಿ ತೊದವರ ಜೊತೆಗೆ ಬಡಗರನ್ನೂ ಕಂಡನೆಂಬುದರಿಂದ, ಅಷ್ಟು ಹೊತ್ತಿಗಾಗಲೇ ಅವರು ಬೇರೂರಿದ್ದರೆಂದು ನಿಶ್ಚಯಿಸಬಹುದು. ತಾವು ನೆಲಸಿದ ಈ ಮಲೆಯನ್ನು ಅವರು ‘ನಾಕುಬೆಟ್ಟ’ವೆಂದು ಕರೆಯುತ್ತಾರೆ, ಅವರ ಊರುಗಳಿಗೆ ಹಟ್ಟಿಗಳೆಂದು ಹೆಸರು. ಸುಮಾರು ನಾನ್ನೂರು ಹಟ್ಟಿಗಳು ಬೆಟ್ಟದ ಮೇಲೆಲ್ಲ ಹರಡಿಕೊಂಡಿವೆ. ನಂಜನಾಡು ಅವುಗಳಲ್ಲೊಂದು.

ಪಟ್ಟಣವನ್ನು ಬಿಟ್ಟು, ಮೈಸೂರು ಅರಸರು ಬೇಸಗೆಯನ್ನು ಕಳೆಯುತ್ತಿದ್ದ ಫರ್ನ್‌ಹಿಲ್ ಅರಮನೆಯ ಕಡೆಯ ರಸ್ತೆಯನ್ನು ಹಿಡಿದು ಮುತ್ತೊರೆ, ಪಾಲಾಡಗಳ ದಿಕ್ಕಿಗೆ ಸಾಗಿದರೆ, ಸ್ವಲ್ಪ ದೂರಕ್ಕೆಲ್ಲ ಹೋಟೆಲುಗಳ ಫಲಕಗಳು ಹಿಂದೆ ಬಿದ್ದು, ಮೆಟ್ಟಿಲು ಮೆಟ್ಟಿಲಾಗಿ ಕಣಿವೆಗಿಳಿಯುವ ಹೊಲಗಳು ಎದುರಾಗುತ್ತವೆ. ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿರುವ ಈ ನೆಲದಲ್ಲಿ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಬೆಳ್ಳುಳ್ಳಿ ಮುಂತಾದುವು ವರ್ಷವಿಡೀ ಒಂದಲ್ಲ ಒಂದು ಹಂತದಲ್ಲಿ ಬೆಳೆಯುತ್ತಲೇ ಇರುತ್ತವೆ. ದಿಣ್ಣೆಯ ಇಳಿಜಾರಿನಲ್ಲಿ ಗೋಡೆಗೆ ಗೋಡೆ ತಾಗಿ ಸಾಲಾಗಿ ನಿಂತಿರುವ ಮನೆಗಳು. ಅವುಗಳ ಮುಂದೆ ಧಾನ್ಯ ಒಣಗಿಸುವುದಕ್ಕೂ ಹಬ್ಬಕ್ಕೆ ಕುಣಿಯುವುದಕ್ಕೂ ಆಗಿಬರುವಂಥ ಉದ್ದನೆಯ ಅಂಗಳ. ಹಳೆಯ ಪದ್ಧತಿಯ ಮನೆಯೊಳಗೆ ಹಾಲು, ಬೆಣ್ಣೆಗಳನ್ನಿಡುವ ಒಂದು ಭಾಗವನ್ನು ದೇವರ ಮನೆಯಷ್ಟೇ ಮಡಿಯಿಂದ ಕಾಪಾಡುತ್ತಿದ್ದರು. ಹೊಸ ಮನೆಗಳು ಕಾಂಕ್ರೀಟಿನವು, ಬಣ್ಣಗಳು ಗಾಢವಾದುವು. ಆದರೂ ಸಾಲಾಗಿ ಕೂಡಿ ಬಾಳುವ ಕ್ರಮ ಬಹುಮಟ್ಟಿಗೆ ಉಳಿದಿದೆ.

ಈ ಕಣಿವೆಗಳಲ್ಲಿ ಕ್ಯಾರೆಟ್ಟಿನ ಕುಯಿಲನ್ನು ನೋಡಬಯಸುವವನು ಬೆಚ್ಚನೆಯ ಹಾಸಿಗೆಯ ಮೋಹವನ್ನು ತ್ಯಜಿಸಬೇಕು. ಕೆಲಸ ಆರಂಭವಾಗುವುದು ಕೋಳಿ ಕೂಗುವುದಕ್ಕೂ ಮುಂಚೆ. ತಲೆಗೆ ದೀಪ ಕಟ್ಟಿಕೊಂಡ ಆಳುಗಳು ಹೊಲದ ಪಟ್ಟೆಗಳಲ್ಲಿ ಸಾಲುಹಿಡಿದು ಗಿಡಗಳನ್ನು ಕೀಳುತ್ತಾರೆ. ಗೆಡ್ಡೆಯಿಂದ ಸೊಪ್ಪನ್ನು ಬೇರ್ಪಡಿಸಿ ಚೀಲಕ್ಕೆ ತುಂಬುತ್ತಾರೆ. ಚೀಲಗಳು ರಸ್ತೆಬದಿಯ ತೊಳೆಯುವ ಯಂತ್ರಕ್ಕೆ ಬರುತ್ತವೆ. ಯಂತ್ರವೆಂದರೆ ಹೆಚ್ಚಿನದೇನಲ್ಲ, ತಿರುಗುವ ದೊಡ್ಡ ಉರುಳೆ ಮತ್ತು ಅದರೊಳಕ್ಕೆ ರಭಸದಿಂದ ಸುರಿಯುವ ನೀರು. ಒಂದು ಬದಿಯಿಂದ ಒಳಹೊಕ್ಕ ಕೆಸರುಮುದ್ದೆ ಇನ್ನೊಂದು ಬದಿಯಿಂದ ಕಿತ್ತಳೆ ಬಣ್ಣದ ರಾಶಿಯಾಗಿ ಹೊರಬೀಳುತ್ತದೆ. ಗಾತ್ರಕ್ಕನುಗುಣವಾಗಿ ವಿಂಗಡಿಸಿ, ಚೀಲದ ಬಾಯಿ ಹೊಲಿದು, ಲಾರಿಗೇರಿಸುವುದರೊಳಗೆ ಬೆಳಕಾಗಿರುತ್ತದೆ. ಲಾರಿ ಘಟ್ಟವಿಳಿದು ಮೇಟುಪಾಳ್ಯದ ಮಂಡಿಯನ್ನು ಸಕಾಲಕ್ಕೆ ಸೇರದಿದ್ದರೆ ಅಂದಿನ ಬೆಲೆ ಕೈತಪ್ಪಿಹೋಗುತ್ತದೆ. ಆದುದರಿಂದಲೇ ಇಷ್ಟೆಲ್ಲ ತ್ವರೆ. ಅದೇ ಹೊತ್ತಿನಲ್ಲಿ ಡಿಸೆಂಬರ್, ಜನವರಿಗಳಲ್ಲಿ ಹುಲ್ಲಿನ ಮೇಲೆ ಬಿದ್ದಿರುವ ಇಬ್ಬನಿ ಹೆಪ್ಪುಗಟ್ಟಿ ಬಿಳಿಯ ಹೊದಿಕೆಯಾಗಿರುವುದನ್ನೂ ಕಾಣಬಹುದು. ಪ್ರವಾಸಿಗೆ ಅದು ಚಂದ. ರೈತನಿಗೆ ಅದು ಎಳೆಯ ಪೈರನ್ನು ಸುಡುವ ಶತ್ರು. ಒಂದೇ ವಸ್ತುವನ್ನು ಎರಡು ಕಣ್ಣುಗಳಿಂದ ನೋಡಲು ಕಲಿತರೆ ಪ್ರವಾಸದ ಅರ್ಧ ಫಲ ದೊರೆತಂತೆ.

ಆಲೂಗಡ್ಡೆಯ ವೃತ್ತಾಂತವು ಇದಕ್ಕಿಂತಲೂ ದೊಡ್ಡದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿ, ಸ್ಪೇನಿನವರ ಹಡಗುಗಳಲ್ಲಿ ಯೂರೋಪಿಗೆ ಬಂದು, ಅಲ್ಲಿಂದ ಸಲಿವನ್ನನ ಕಾಲದಲ್ಲಿ ಈ ಬೆಟ್ಟಕ್ಕೇರಿದ ಈ ಗೆಡ್ಡೆ, ಸಾಮೆ ಕೊರಲೆಗಳನ್ನು ಬಿತ್ತುತ್ತಿದ್ದ ಬಡಗರ ಬೇಸಾಯವನ್ನು ಬುಡಮೇಲು ಮಾಡಿತು. ಮೊದಲ ಮಹಾಯುದ್ಧದ ಸುಮಾರಿಗೆ ಮದ್ರಾಸಿನ ಕೃಷಿ ಇಲಾಖೆ ಇದರ ಸಂಶೋಧನೆಗೆಂದು ಒಂದು ಕ್ಷೇತ್ರವನ್ನು ತೆರೆದುದು ನಂಜನಾಡಿನಲ್ಲಿಯೇ. ಅನಂತರ 1957ರಲ್ಲಿ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಶಾಖೆಯು ಪಕ್ಕದ ಮುತ್ತೊರೆಯಲ್ಲಿ ನೆಲೆಗೊಂಡಿತು. ಐರ್ಲೆಂಡಿನಲ್ಲಿ 1845ರಿಂದಾಚೆಗೆ ಘೋರ ಕ್ಷಾಮವನ್ನು ತಂದ ಅಂಗಮಾರಿ ರೋಗಕ್ಕೆ ತಂಪೂ ತೇವವೂ ಬೇಕು. ನೀಲಗಿರಿಯಲ್ಲಿ ಎರಡೂ ಸಮೃದ್ಧವಾಗಿವೆ. ಅದು ಸಾಲದೆಂಬಂತೆ 1961ರಲ್ಲಿ ಇಲ್ಲಿಯ ಮಣ್ಣಿನಲ್ಲಿ ಆಲೂಗಡ್ಡೆಯ ಕೋಶಜಂತುವೂ ಪತ್ತೆಯಾಯಿತು. ಈ ಸೂಕ್ಷ್ಮ ಹುಳುವಿನ ಹೆಣ್ಣು ಸತ್ತಾಗ ಅದರ ದೇಹವೇ ಗಟ್ಟಿಯಾದ ಕೋಶವಾಗಿ, ಒಳಗೆ ನೂರಾರು ಮೊಟ್ಟೆಗಳನ್ನು ಇರಿಸಿಕೊಂಡು, ಹತ್ತಾರು ವರ್ಷ ಮಣ್ಣಿನಲ್ಲಿ ಕಾದುಕೊಂಡಿರುತ್ತದೆ. ಸಮೀಪದಲ್ಲಿ ಆಲೂಗಡ್ಡೆಯ ಬೇರು ಸ್ರವಿಸಿದ ರಸದ ಸುಳಿವು ಸಿಕ್ಕೊಡನೆ ಮೊಟ್ಟೆಯೊಡೆದು ಮರಿಗಳು ಹೊರಬಂದು ಬೇರನ್ನು ಮುತ್ತುತ್ತವೆ. ಈ ಕಾರಣದಿಂದ ನೀಲಗಿರಿಯ ಬಿತ್ತನೆಗೆಡ್ಡೆಯು ಇತರ ಪ್ರಾಂತಗಳಿಗೆ ಹೋಗದಂತೆ ನಿರ್ಬಂಧ ವಿಧಿಸಬೇಕಾಯಿತು. ಹುಳುವನ್ನು ತಡೆಯಬಲ್ಲ ‘ಕುಫ್ರಿ ಸ್ವರ್ಣ’ ಎಂಬ ತಳಿಯನ್ನು 1985ರಲ್ಲಿ ಬಿಡುಗಡೆ ಮಾಡಿದುದು ಮುತ್ತೊರೆಯ ವಿಜ್ಞಾನಿಗಳ ದೀರ್ಘ ಪರಿಶ್ರಮದ ಫಲ.

ಪ್ರವಾಸದ ಅಂಕಣದಲ್ಲಿ ಹುಳುವಿನ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಉತ್ತರ ಅತ್ಯಂತ ವ್ಯಾವಹಾರಿಕವಾದುದು. ಆ ಕೋಶಗಳು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗುವುದು ಗುದ್ದಲಿಗೂ ಚಕ್ರಕ್ಕೂ ಪಾದರಕ್ಷೆಗೂ ಅಂಟಿದ ಮಣ್ಣಿನ ಮೂಲಕ. ಹಸುರು ಚೆನ್ನಾಗಿದೆಯೆಂದು ಹೇಳದೆ ಕೇಳದೆ ಹೊಲಕ್ಕಿಳಿದು ಭಾವಚಿತ್ರಕ್ಕೆ ನಿಲ್ಲುವವನು ರೈತನ ಸಂಕಟವನ್ನು ತನ್ನ ಅಂಗಾಲಿನಲ್ಲಿ ಹೊತ್ತು ತಿರುಗುತ್ತಿರಬಹುದು. ಕಾಲುದಾರಿಯಲ್ಲಿ ನಿಂತು ನೋಡುವುದು ಇಲ್ಲಿ ಬರಿಯ ಸೌಜನ್ಯವಷ್ಟೇ ಅಲ್ಲ, ಕೃಷಿಶಾಸ್ತ್ರವೂ ಹೌದು.

ಇದೇ ಗೆಡ್ಡೆಯ ತವರಾದ ಪೆರು ದೇಶದಲ್ಲಿ, ಕುಸ್ಕೊ ನಗರಕ್ಕೆ ಸಮೀಪದ ಪಿಸಾಕ್ ಎಂಬಲ್ಲಿ, ಕೆಚುವಾ ಜನರ ಕೆಲವು ಹಳ್ಳಿಗಳು ಒಟ್ಟುಗೂಡಿ ಆಲೂಗಡ್ಡೆಯ ಉದ್ಯಾನವೊಂದನ್ನು ನಡೆಸುತ್ತಿವೆ. ಸಾವಿರಕ್ಕೂ ಮೇಲ್ಪಟ್ಟ ತಳಿಗಳನ್ನು ಅವರು ತಮ್ಮ ಹೊಲಗಳಲ್ಲಿಯೇ ಉಳಿಸಿಕೊಂಡಿರುವರು. ಬಂದ ಅತಿಥಿಗಳಿಗೆ ಹೊಲವನ್ನು ತೋರಿಸಿ, ತಳಿಗಳ ಗುಣವನ್ನು ಹೇಳಿ, ಅವುಗಳಿಂದಲೇ ಅಡಿಗೆ ಮಾಡಿ ಬಡಿಸುತ್ತಾರೆ. ಬಂದ ಆದಾಯವನ್ನು ಊರಿನವರೇ ತಮ್ಮ ನಿಯಮದಂತೆ ಹಂಚಿಕೊಳ್ಳುತ್ತಾರೆ. ಜಪಾನಿನ ಶಿರಕಾವಾ ಗ್ರಾಮದಲ್ಲಿಯೂ ಹಿಮ ಜಾರಿಹೋಗಲೆಂದು ಕಡಿದಾದ ಹುಲ್ಲುಛಾವಣಿಯನ್ನು ಹೊದಿಸಿದ ರೈತರ ಮನೆಗಳಲ್ಲಿ ಅತಿಥಿಗಳು ರಾತ್ರಿ ತಂಗಬಹುದು. ದೂರದೇಶಗಳ ಈ ಗ್ರಾಮಗಳು ಪ್ರಸಿದ್ಧವಾಗಿರುವುದು ಅಲ್ಲಿಯ ಜನರೇ ತಮ್ಮ ಬಾಳನ್ನು ತೋರಿಸುವ ಯಜಮಾನಿಕೆಯನ್ನು ಕೈಯಲ್ಲಿಟ್ಟುಕೊಂಡುದರಿಂದ. ನಂಜನಾಡಿನಂಥ ಹಟ್ಟಿಗಳಿಗೆ ಇದು ಅಸಾಧ್ಯವೇನಲ್ಲ. ಹೇಳತಕ್ಕ ಕಥೆ ಅವರ ಬಳಿ ಬೇಕಾದಷ್ಟಿದೆ.

ಮುತ್ತೊರೆಯ ಗುಡ್ಡವೊಂದರ ಇಳಿಜಾರಿನಲ್ಲಿ ಇನ್ನೊಂದು ಆಶ್ಚರ್ಯವಿದೆ. 530 ಮೀಟರ್ ಉದ್ದ, 30 ಮೀಟರ್ ಅಗಲವಿರುವ ಬಾಗಿದ ಲೋಹದ ಚೌಕಟ್ಟೊಂದು ಉತ್ತರದಿಂದ ದಕ್ಷಿಣಕ್ಕೆ ಬೆಟ್ಟದ ಮೈಗುಂಟ ಮಲಗಿರುವುದು ದೂರದಿಂದಲೇ ಕಾಣಿಸುತ್ತದೆ. ಇದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರೇಡಿಯೋ ದೂರದರ್ಶಕ. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿಯ ಕಲ್ಪನೆಯಂತೆ ನಮ್ಮ ದೇಶದಲ್ಲಿಯೇ ನಿರ್ಮಿತವಾಗಿ 1970ರಲ್ಲಿ ಸಿದ್ಧವಾಯಿತು. ಈ ಗುಡ್ಡವನ್ನೇ ಆರಿಸಿದುದರಲ್ಲಿ ಒಂದು ಜಾಣತನವಿದೆ. ಇಲ್ಲಿಯ ಅಕ್ಷಾಂಶವು 11 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಗುಡ್ಡದ ಇಳಿಜಾರೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಆ ಇಳಿಜಾರಿನ ಮೇಲೆ ಮಲಗಿಸಿದ ಯಂತ್ರದ ಅಕ್ಷವು ಭೂಮಿಯ ಅಕ್ಷಕ್ಕೆ ತಾನಾಗಿ ಸಮಾನಾಂತರವಾಗುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುವಾಗ ಯಂತ್ರವನ್ನು ಒಂದೇ ಅಕ್ಷದಲ್ಲಿ ಎದುರುದಿಕ್ಕಿಗೆ ತಿರುಗಿಸಿದರಾಯಿತು, ಆಕಾಶದ ಒಂದೇ ಮೂಲವನ್ನು ಒಂಬತ್ತು ಗಂಟೆಗೂ ಹೆಚ್ಚು ಕಾಲ ಬಿಡದೆ ಹಿಂಬಾಲಿಸಬಹುದು. ಇಪ್ಪತ್ತನಾಲ್ಕು ಕಮಾನುಗಳ ಮೇಲೆ ಸುಮಾರು 1,100 ಉಕ್ಕಿನ ತಂತಿಗಳನ್ನು ಬಿಗಿದಿರುವುದೇ ಇದರ ಕನ್ನಡಿ. ದೂರದ ರೇಡಿಯೋ ಮೂಲಗಳನ್ನು ಚಂದ್ರನು ಮರೆಮಾಡುವ ಕ್ಷಣವನ್ನು ಅಳೆದು ಆ ಮೂಲಗಳ ಗಾತ್ರವನ್ನು ಲೆಕ್ಕಹಾಕುವುದು ಅದರ ಆರಂಭದ ಕಾರ್ಯಗಳಲ್ಲೊಂದಾಗಿತ್ತು. ಕೆಳಗಿನ ಹೊಲದಲ್ಲಿ ಗೆಡ್ಡೆ ಅಗೆಯುವವನೂ ಮೇಲಿನ ಗುಡ್ಡದಲ್ಲಿ ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಸದ್ದನ್ನು ಆಲಿಸುವವನೂ ಒಂದೇ ಕಣಿವೆಯ ನಿವಾಸಿಗಳೆಂಬುದನ್ನು ಯಾವ ಪ್ರವಾಸಿಪಟ್ಟಿಯೂ ಹೇಳಿದುದನ್ನು ನಾನು ಕಾಣೆ. ಒಳಗೆ ಹೋಗುವುದಕ್ಕೆ ಸಂಸ್ಥೆಯ ಅನುಮತಿ ಬೇಕು. ಹೊರಗಿನ ರಸ್ತೆಯಿಂದ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಬಡಗರ ಭಾಷೆಯ ವಿಷಯದಲ್ಲಿ ಕನ್ನಡಿಗರಾದವರು ವಿಶೇಷ ವಿನಯವನ್ನು ತಾಳುವುದು ಯುಕ್ತ. ಹಟ್ಟಿಯ ಅಂಗಳದಲ್ಲಿ ನಿಂತು ಇಬ್ಬರು ಮುದುಕಿಯರ ಸಂಭಾಷಣೆಗೆ ಕಿವಿಗೊಟ್ಟರೆ ಮನೆ, ಹಾಲು, ಹಬ್ಬ, ಹೊಲಗಳೆಲ್ಲ ನಮ್ಮವೇ ಎನಿಸಿ, ಮರುಕ್ಷಣವೇ ಒಂದು ವಾಕ್ಯವೂ ತಿಳಿಯದೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಕೇತಿ ಕಣಿವೆಯಲ್ಲಿ ನೆಲಸಿ ಸುವಾರ್ತೆಯ ಭಾಗಗಳನ್ನು ಬಡಗ ಭಾಷೆಗೆ ತಂದಾಗ ಬಳಸಿದುದು ಕನ್ನಡ ಲಿಪಿಯನ್ನು. ನೀಲಗಿರಿಯ ಭಾಷೆಗಳಲ್ಲಿ ಪರಿಶ್ರಮಿಸಿದ ಎಮೆನೋ ಎಂಬ ಪಂಡಿತನು 1939ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಈ ನುಡಿಯ ಸ್ವರಗಳನ್ನು ನಾಲಗೆಯನ್ನು ಹಿಂದಕ್ಕೆ ಮಡಿಚಿ ಎರಡು ಬೇರೆಬೇರೆ ಪ್ರಮಾಣಗಳಲ್ಲಿ ಉಚ್ಚರಿಸುವರೆಂದು ತೋರಿಸಿದನು. ಜಗತ್ತಿನ ಭಾಷೆಗಳಲ್ಲಿ ಇದು ತೀರ ವಿರಳವಾದ ಲಕ್ಷಣ. ಬಡಗ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಮತಭೇದವಿದೆ. ಆಡುವವರಲ್ಲಿ ಬಹುಮಂದಿ ತಮ್ಮದು ಪ್ರತ್ಯೇಕವಾದ ನುಡಿಯೆಂದೇ ಅಭಿಮಾನಪಡುತ್ತಾರೆ. ಅದನ್ನು ಕೇಳಿದೊಡನೆ ‘ಕೆಟ್ಟ ಕನ್ನಡ’ವೆಂದು ನಗುವ ಪ್ರವಾಸಿ ತನ್ನ ಅಜ್ಞಾನವನ್ನು ಪ್ರಕಟಿಸುತ್ತಾನೆಯೇ ಹೊರತು ಬೇರೇನನ್ನೂ ಸಾಧಿಸುವುದಿಲ್ಲ.

ಹಿರಿಯರನ್ನು ಕಂಡಾಗ ಕಿರಿಯರು ತಲೆಬಾಗಿ ನಿಲ್ಲುವುದೂ, ಹಿರಿಯರು ಆ ತಲೆಯ ಮೇಲೆ ಕೈಯಿರಿಸಿ, ಒಂದು ಸಾವಿರವಾಗಲಿ ಎಂಬ ಅರ್ಥದಲ್ಲಿ ಹರಸುವುದೂ ಬಡಗರ ನಡುವೆ ಇಂದಿಗೂ ಜೀವಂತವಾಗಿರುವ ಪದ್ಧತಿ. ಊಟಕ್ಕೆ ಕರೆದರೆ ರಾಗಿಯ ಹಿಟ್ಟು ಮತ್ತು ಅವರೆ ಉದಕ ದೊರೆಯಬಹುದು. ಮೈಸೂರು ಸೀಮೆಯವನಿಗೆ ಆ ಹಿಟ್ಟಿನ ಪರಿಚಯ ಹುಟ್ಟಿನಿಂದಲೇ ಇದ್ದರೂ, ಬೆಟ್ಟದ ಚಳಿಯಲ್ಲಿ, ಆಲೂಗಡ್ಡೆಯನ್ನೂ ಸೇರಿಸಿ ಕುದಿಸಿದ ಬಿಸಿ ಉದಕದೊಡನೆ ಅದರ ರುಚಿಯೇ ಬೇರೆ. ಡಿಸೆಂಬರ್–ಜನವರಿಗಳ ಸಂಧಿಯಲ್ಲಿ ನಡೆಯುವ ಹೆತ್ತೆ ಹಬ್ಬ ಅವರ ವರ್ಷದ ಶಿಖರ. ಕುಲದ ಆದಿಮಾತೆಯೆಂದು ಪೂಜೆಗೊಳ್ಳುವ ಹೆತ್ತೆಗೆ ಕೋತಗಿರಿಯ ಸಮೀಪದ ಬೆರಗಣಿ ಮುಖ್ಯಕ್ಷೇತ್ರ. ಗಂಡಸರು ಬಿಳಿಯ ರುಮಾಲು ಸುತ್ತಿ, ಹೆಂಗಸರು ಬಿಳಿಯ ಮುಂಡು ತುಂಡುಗಳನ್ನು ತೊಟ್ಟು, ಸಾವಿರಗಟ್ಟಲೆಯಾಗಿ ನಡೆದು ಬಂದು ಸೇರಿದಾಗ ಇಡೀ ಬೆಟ್ಟದ ಮೈ ಬೆಳ್ಳಗಾಗುತ್ತದೆ. ಸಂಜೆಯ ಮೇಲೆ ಮಂಡಲಾಕಾರವಾಗಿ ನಿಂತು ಕುಣಿಯುವ ಕುಣಿತದಲ್ಲಿ ಹೆಜ್ಜೆಗಳು ಸರಳ. ಆದರೆ ಇಂಜಿನಿಯರನೂ ಗದ್ದೆಯ ಆಳೂ ಒಂದೇ ವಲಯದಲ್ಲಿ ಒಂದೇ ಹೆಜ್ಜೆ ಹಾಕುವರೆಂಬುದು ಗಮನಾರ್ಹ. 

ಬಡಗರು ಇಲ್ಲಿ ಎಂದೂ ಒಂಟಿಯಾಗಿ ಬಾಳಿದವರಲ್ಲ. ಎಮ್ಮೆಗಳನ್ನು ಕಾಯುವ ತೊದವರು ತುಪ್ಪವನ್ನೂ, ಕಮ್ಮಾರರೂ ಕುಂಬಾರರೂ ವಾದ್ಯಗಾರರೂ ಆದ ಕೋತರು ಕಬ್ಬಿಣದ ಸಲಕರಣೆ ಮತ್ತು ಮಡಕೆಗಳನ್ನೂ, ಕಾಡಿನ ಕುರುಂಬರು ಜೇನನ್ನೂ ತಂದುಕೊಡುತ್ತಿದ್ದರು. ಬಡಗರು ಧಾನ್ಯವನ್ನು ಅಳೆದುಕೊಡುತ್ತಿದ್ದರು. ಹಣದ ಸೋಂಕಿಲ್ಲದ ಈ ಕೊಡುಕೊಳೆ ಪಟ್ಟಣವೂ ಮಾರುಕಟ್ಟೆಯೂ ಬೆಳೆದಂತೆ ಶಿಥಿಲವಾಗಿ, 1930ರ ದಶಕದ ವೇಳೆಗೆ ಬಹುಮಟ್ಟಿಗೆ ನಿಂತುಹೋಯಿತು. ಕೋತರ ಏಳು ಊರುಗಳೂ ಮಂದುಗಳೆಂಬ ತೊದವರ ನೆಲೆಗಳೂ ಇಂದಿಗೂ ಇವೆ. ಬಿಳಿಯ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಿಂದ ತೊದ ಹೆಂಗಸರು ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನೆನಪಿಗೆ ಏನನ್ನಾದರೂ ಕೊಳ್ಳಬೇಕೆನ್ನುವವರು ಕಾರ್ಖಾನೆಯ ಚಾಕೊಲೇಟಿಗಿಂತ ಇದನ್ನು ಕೊಂಡರೆ ದುಡ್ಡು ಹೊಲಿದವಳ ಕೈಗೆ ಸೇರುತ್ತದೆ.

ಕೊಯಮತ್ತೂರಿನ ಕಡೆಯಿಂದ ಬರುವವರಿಗೆ ರೈಲಿನ ಭಾಗ್ಯವೂ ಉಂಟು. ಮೇಟುಪಾಳ್ಯದಿಂದ ಕುನ್ನೂರಿಗೆ 1899ರಲ್ಲಿಯೂ ಉದಕಮಂಡಲಕ್ಕೆ 1908ರಲ್ಲಿಯೂ ತೆರೆದ ಈ ದಾರಿ 46 ಕಿಲೋಮೀಟರಿನಲ್ಲಿ 326 ಮೀಟರಿನಿಂದ 2,203 ಮೀಟರಿಗೆ ಏರುತ್ತದೆ. ಕಡಿದಾದ ಭಾಗದಲ್ಲಿ ಹಳಿಗಳ ನಡುವಣ ಹಲ್ಲುಪಟ್ಟಿಗೆ ಇಂಜಿನಿನ ಹಲ್ಲುಚಕ್ರವು ಕಚ್ಚಿಕೊಂಡು ಮೇಲೇರುವ ಈ ವಿಧಾನವನ್ನು ಕಲ್ಪಿಸಿದವನು ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್. 2005ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸುಮಾರು ಐದು ಗಂಟೆಯ ಪ್ರಯಾಣ; ಅವಸರವಿರುವವರು ಹತ್ತದಿರುವುದೇ ಲೇಸು.

ಇಷ್ಟೆಲ್ಲ ಇದ್ದರೂ ನಮ್ಮ ಕಾಲದ ಸಮಸ್ಯೆಯೆಂದರೆ ಜನಸಂದಣಿ. ಬೇಸಗೆಯಲ್ಲಿ ಘಟ್ಟದ ರಸ್ತೆಗಳು ವಾಹನಗಳಿಂದ ತುಂಬಿ ಊರಿನವರ ಆಸ್ಪತ್ರೆ, ಶಾಲೆಗಳ ದಾರಿಯೇ ಕಟ್ಟಿಹೋಗುವುದನ್ನು ಕಂಡು, ಮದ್ರಾಸಿನ ಉಚ್ಚ ನ್ಯಾಯಾಲಯವು 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸನ್ನು ಕಡ್ಡಾಯ ಮಾಡಿತು. 2025ರ ಬೇಸಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳಿಗೆ ಮಿತಿಯನ್ನು ಹಾಕಿತು. ಬಿಸಾಡುವ ಪ್ಲಾಸ್ಟಿಕ್ಕಿಗೂ ನೀರಿನ ಸೀಸೆಗೂ ಜಿಲ್ಲೆಯಲ್ಲಿ ನಿಷೇಧವುಂಟು. ಪ್ರವಾಸಿಗಳ ಸಂದಣಿಗೆ ಕಡಿವಾಣ ಹಾಕುವುದು ನೀಲಗಿರಿಗೆ ಮಾತ್ರ ಬಂದ ಕಟ್ಟಳೆಯಲ್ಲ. ವೆನಿಸ್ ನಗರವು 2024ರ ಏಪ್ರಿಲ್‌ನಿಂದ ಜನಸಂದಣಿಯ ದಿನಗಳಲ್ಲಿ ಹಗಲು ಬಂದು ಹೋಗುವವರಿಂದ 5 ಯೂರೋ ವಸೂಲು ಮಾಡಲಾರಂಭಿಸಿತು. ಭೂತಾನವು ವಿದೇಶೀಯರಿಂದ ರಾತ್ರಿಯೊಂದಕ್ಕೆ 100 ಡಾಲರನ್ನೂ ಭಾರತೀಯರಿಂದ 1,200 ರೂಪಾಯಿಯನ್ನೂ ಪಡೆಯುತ್ತದೆ. ಅತಿಥಿಗಳ ಸಂಖ್ಯೆ ಆತಿಥೇಯರ ಶಕ್ತಿಯನ್ನು ಮೀರಿದರೆ ಅದು ಆತಿಥ್ಯವೆನಿಸದೆ ಆಕ್ರಮಣವೆನಿಸುವುದೆಂಬ ತಿಳಿವಳಿಕೆ ಎಲ್ಲೆಡೆಯೂ ಮೂಡುತ್ತಿದೆ.

ಆದುದರಿಂದ ನನ್ನ ಸಲಹೆ ಇಷ್ಟು. ಮೇ ತಿಂಗಳ ಪುಷ್ಪಪ್ರದರ್ಶನದ ನೂಕುನುಗ್ಗಲನ್ನು ಬಿಟ್ಟು, ಮುಂಗಾರು ಮಳೆ ತಗ್ಗಿದ ಸೆಪ್ಟೆಂಬರಿನಲ್ಲಿಯೋ ಹೆತ್ತೆ ಹಬ್ಬದ ಚಳಿಗಾಲದಲ್ಲಿಯೋ ಹೋಗಿರಿ. ಸಾಧ್ಯವಾದರೆ ಸರ್ಕಾರಿ ಬಸ್ಸಿನಲ್ಲಿ ಹೋಗಿರಿ, ಪಾಸಿನ ಚಿಂತೆಯೂ ಇರುವುದಿಲ್ಲ. ಪಟ್ಟಣಕ್ಕೆ ಒಂದು ದಿನ ಕೊಟ್ಟರೆ ನಂಜನಾಡು, ಮುತ್ತೊರೆಗಳಿಗೆ ಇನ್ನೊಂದು ದಿನವನ್ನು ಮೀಸಲಿಡಿರಿ. ದೇವಸ್ಥಾನದಲ್ಲಿಯೂ ಮಂದುಗಳಲ್ಲಿಯೂ ಕೇಳದೆ ಕ್ಯಾಮರಾ ತೆಗೆಯಬೇಡಿರಿ, ಹೊಲಕ್ಕೆ ಕಾಲಿಡಬೇಡಿರಿ, ತರಕಾರಿಯನ್ನು ಬೆಳೆದವನಿಂದಲೇ ಕೊಂಡು, ಅವನು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿರಿ. ಅಂಗಳದಲ್ಲಿ ಯಾರಾದರೂ ಹಿರಿಯರು ಮಾತಿಗೆ ಸಿಕ್ಕರೆ ಕನ್ನಡದಲ್ಲಿಯೇ ನಿಧಾನವಾಗಿ ಮಾತನಾಡಿಸಿರಿ. ಅವರು ತಮ್ಮ ನುಡಿಯಲ್ಲಿ ಉತ್ತರ ಕೊಟ್ಟಾರು. ಅರ್ಥವಾಗದ ಮಾತನ್ನು ಮತ್ತೆ ಕೇಳಲು ಸಂಕೋಚ ಬೇಡ.